ಬಚ್ಚಲುಮನೆಯಲ್ಲಿ ಬಂಗಡೆಯ ಹೊಳಪು

ಸುಡು ಮಧ್ಯಾಹ್ನ ಎರಡು ಗಂಟೆಗೆ ಮನೆಯೊಳಗೆ ಕತ್ತಲೆ ಮಾಡಿಕೊಂಡು ಕೂರುವವನ ಬಗ್ಗೆ ಜನ ಏನೆಂದುಕೊಳ್ಳುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತು. ತೊಂಬತ್ತೆಂಟರ ಸುಮಾರಿಗೆ ಕೋಟೇಶ್ವರದ ನಮ್ಮ ಬೀದಿಯವರು ನನ್ನ ಬಗ್ಗೆ ಅದನ್ನೇ ಅಂದುಕೊಂಡಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು ಭಾನುವಾರ ಊಟವಾದ ಕೂಡಲೇ ಬಚ್ಚಲುಮನೆ ಹೊಕ್ಕು ಚಿಲಕ ಹಾಕಿಕೊಂಡು, ಸಂಜೆ ಕಾಫಿಯ ಹೊತ್ತಿಗೆ ಹುಳಿ ವಾಸನೆ ಹೊಡೆಯುತ್ತ ಹೊರಬಂದರೆ ಯಾರಾದರೂ ಅಂದುಕೊಳ್ಳುವುದೇ. ನನ್ನ ಹೆಂಡತಿ ಮಾತ್ರ ನನ್ನ ಪರ ನಿಂತಳು. ಅವರಿಗೆ ಹೊಟ್ಟೆ ಸರಿಯಿಲ್ಲ ಎಂದು ಎಲ್ಲರಿಗೂ ಹೇಳಿದಳು.

ನಾನು ಒಳಗೆ ಮಾಡುತ್ತಿದ್ದುದು ಕಪ್ಪುಬಿಳುಪು ಫೋಟೋ ಪ್ರಿಂಟು. ಊರಿನ ಸ್ಟುಡಿಯೋಗಳೆಲ್ಲ ಬಣ್ಣಕ್ಕೆ ತಿರುಗಿ ವರ್ಷಗಳಾಗಿದ್ದವು, ಆದ್ದರಿಂದಲೇ ನಾನು ಕಪ್ಪುಬಿಳುಪು ಹಿಡಿದೆ. ಯಾರೂ ಮಾಡದ್ದನ್ನು ಮಾಡಿದರೆ ಕಲಾವಿದ ಎನ್ನಿಸಿಕೊಳ್ಳುವುದು ಸುಲಭ. ಕಿಟಕಿಗೆ ಹಳೇ ಕೊಡೆಯ ಬಟ್ಟೆ ಜಡಿದೆ. ಹಂಡೆಯ ಪಕ್ಕದ ಕಟ್ಟೆಯ ಮೇಲೆ ಫಿಲ್ಮನ್ನು ದೊಡ್ಡದು ಮಾಡಿ ಕಾಗದದ ಮೇಲೆ ಬೀಳಿಸುವ ಯಂತ್ರ, ಕೆಳಗೆ ಔಷಧಿಯ ಮೂರು ಬೋಗುಣಿ, ಮೇಲೊಂದು ಕೆಂಪು ಜೀರೋ ಬಲ್ಬು. ಈ ಸಾಮ್ರಾಜ್ಯದಲ್ಲಿ ನನಗೆ ಸವಾಲಾಗಿ ಉಳಿದದ್ದು ಒಂದೇ: ಕಾಂಟ್ರಾಸ್ಟು. ಅದಕ್ಕೊಂದು ಕನ್ನಡ ಪದ ಇರಲಿ ಎಂದು ನಿಘಂಟು ತೆಗೆದರೆ ಅದು 'ವೈದೃಶ್ಯ' ಎಂದಿತು. ನನಗೆ ವೈದೃಶ್ಯದ ತೊಂದರೆ ಇದೆ ಎಂದಾಗ ಹೆಂಡತಿ ಮಣಿಪಾಲದ ಆಸ್ಪತ್ರೆಗೆ ಹೋಗೋಣವೇ ಎಂದು ಕೇಳಿದಳು.

ವಿಷಯ ಸರಳ. ನಾನು ತರಿಸುತ್ತಿದ್ದ ಕಾಗದದ ಮೇಲೆ ಹಳದಿ ಹಾಳೆಯ ಮೂಲಕ ಬೆಳಕು ಬಿಟ್ಟರೆ ಚಿತ್ರ ಮೆತ್ತಗಾಗುತ್ತದೆ, ಎಲ್ಲೆಲ್ಲೂ ಬೂದು. ಗುಲಾಬಿ ಹಾಳೆಯ ಮೂಲಕ ಬಿಟ್ಟರೆ ಗಡಸಾಗುತ್ತದೆ. ಕಪ್ಪು ಇನ್ನೂ ಕಪ್ಪು, ಬಿಳಿ ಇನ್ನೂ ಬಿಳಿ, ನಡುವಿನವರಿಗೆ ಜಾಗವಿಲ್ಲ. ಅಸಲಿ ಹಾಳೆಗಳು ಇಲ್ಲೆಲ್ಲೂ ಸಿಗದೆ, ಯಕ್ಷಗಾನ ಮೇಳವೊಂದರ ಲೈಟಿನವನನ್ನು ಕಾಡಿ ದೀಪಕ್ಕೆ ಕಟ್ಟುವ ಬಣ್ಣದ ಹಾಳೆಯ ತುಂಡುಗಳನ್ನು ತಂದುಕೊಂಡಿದ್ದೆ. ರಾಕ್ಷಸ ಬರುವಾಗ ರಂಗಸ್ಥಳಕ್ಕೆ ಬೀಳುತ್ತಿದ್ದ ಬೆಳಕಿನಲ್ಲಿ ನಾನು ನನ್ನ ಬಂಧುಬಳಗವನ್ನೆಲ್ಲ ಪ್ರಿಂಟು ಹಾಕಿದೆ. ಹಳದಿಯನ್ನು ಮುಟ್ಟಲೇ ಇಲ್ಲ, ಬರೀ ಗುಲಾಬಿ. ಕಪ್ಪು ಹೆಚ್ಚಿದಷ್ಟೂ ಕಲೆ ಹೆಚ್ಚುತ್ತದೆ ಎಂದು ಆಗ ಬಲವಾಗಿ ನಂಬಿದ್ದೆ. ನಮ್ಮ ಅತ್ತೆಯವರ ಫೋಟೋದಲ್ಲಿ ಕೊನೆಗೆ ಉಳಿದದ್ದು ಮೂಗುತಿ ಮತ್ತು ಅಸಮಾಧಾನ, ಎರಡೇ.

ಇಂಥ ಕಲಾವಿದನ ಕೈಗೆ ಸಿಕ್ಕಿದವಳು ಗುಲಾಬಕ್ಕ. ಬೀಜಾಡಿಯಿಂದ ಬುಟ್ಟಿ ಹೊತ್ತು ನಮ್ಮ ಬೀದಿಗೆ ಮೀನು ತರುವವಳು. ಅವಳ ನೆರೆಮನೆಯಾಕೆ ತೀರಿಕೊಂಡಾಗ ಮಕ್ಕಳು ಮತದಾರರ ಚೀಟಿಯ ಚಿತ್ರವನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದರಂತೆ. ಅದರಲ್ಲಿ ಆಕೆ ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಕಾಣುತ್ತಾಳಂತೆ. ತನ್ನ ಗತಿಯೂ ಹಾಗಾಗಬಾರದು, ಗೋಡೆಯ ಫೋಟೋ ಜೀವ ಇರುವಾಗಲೇ ತಯಾರಾಗಬೇಕು, ಕೈಯಲ್ಲಿ ಬುಟ್ಟಿಯೂ ಇರಬೇಕು ಎಂದಳು. ಸತ್ತ ಮೇಲೆ ಮನೆಗೆ ಬಂದವರ ಕಣ್ಣಿಗೆ ತಾನು ಹೇಗೆ ಬೀಳಬೇಕು ಎಂಬ ಚಿಂತೆ ಅವಳಿಗೆ ನಿಜಕ್ಕೂ ಹತ್ತಿತ್ತು. ಅಂಗಳದಲ್ಲಿ ನಿಲ್ಲಿಸಿ ತೆಗೆದೆ. ಬುಟ್ಟಿಯ ಮೇಲ್ಗಡೆ ಎರಡು ಬಂಗಡೆ.

ಮುಂದಿನ ಭಾನುವಾರ ಗುಲಾಬಿ ಹಾಳೆಯ ಬೆಳಕಿನಲ್ಲಿ ಗುಲಾಬಕ್ಕ ಮೂಡಿಬಂದಳು. ಒಂದೊಂದು ಸುಕ್ಕೂ ಉಳಿಯಲ್ಲಿ ಕೆತ್ತಿದಂತೆ. ನನಗೆ ಕಣ್ಣು ತುಂಬಿ ಬಂತು. ಅರ್ಧ ಔಷಧಿಯ ಘಾಟಿಗೆ, ಅರ್ಧ ನನ್ನದೇ ಪ್ರತಿಭೆಗೆ. ನೀರು ತೊಟ್ಟಿಕ್ಕುತ್ತಿದ್ದ ಪ್ರಿಂಟನ್ನು ತಟ್ಟೆಯಲ್ಲಿಟ್ಟುಕೊಂಡು ಜಗಲಿಗೆ ಓಡಿ ಬಂದು, ಫೋಟೋ ನೋಡಲೆಂದೇ ಬಂದಿದ್ದ ಅವಳಿಗೆ ತೋರಿಸಿದೆ. ಅವಳು ಒಂದು ಕ್ಷಣ ನೋಡಿ ಮುಖ ತಿರುಗಿಸಿದಳು.

"ನೀರ್ ಹಾಕ್ರೆ ನಿನ್ನಿ ಬಂಗ್ಡಿಯೂ ಹೊಳಿತ್ತ್ ಮಾಷ್ಟ್ರೆ. ಒಣ್ಗಲಿ, ಕಾಂಬ."

ಒಣಗಿದ ಮೇಲೆಯೇ ನೋಡುವುದೆಂದು ಜಗಲಿಯಲ್ಲೇ ಕೂತಳು. ಬಟ್ಟೆ ಒಣಗುವ ಹಗ್ಗಕ್ಕೆ ಪ್ರಿಂಟನ್ನು ಸಿಕ್ಕಿಸಿ ಇಬ್ಬರೂ ಕಾದೆವು. ಪ್ರಿಂಟು ಒಣಗಿದಾಗ ಹೊಳಪು ಇಳಿದು ಚಿತ್ರ ಒಂದು ಮಟ್ಟ ಕಪ್ಪಾಗುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಮಕ್ಕಳ ಮುಂದೆ ಹೇಳಿಯೂ ಇದ್ದೆ. ನನಗೆ ಅನ್ವಯಿಸುತ್ತದೆ ಎಂದುಕೊಂಡಿರಲಿಲ್ಲ. ಗಂಟೆ ಕಳೆಯುವಷ್ಟರಲ್ಲಿ ಸೀರೆ, ಕೂದಲು, ಬುಟ್ಟಿಯ ನೆರಳು ಎಲ್ಲ ಒಂದೇ ಮಸಿ. ಅವಳು ತನ್ನ ಮುಖವನ್ನು ನೋಡಲೂ ಇಲ್ಲ, ಬಂಗಡೆಯ ಮೇಲೆ ಹೆಬ್ಬೆರಳಿಟ್ಟು ಅದರ ಹೊಟ್ಟೆ ಎಲ್ಲಿ ಹೋಯಿತು ಎಂದು ಕೇಳಿದಳು. ಹೊಟ್ಟೆಯ ಜಾಗದಲ್ಲಿ ಬರೀ ಬಿಳಿ ಕಾಗದವಿತ್ತು.

ಸಿಟ್ಟು ಬಂತು. ನಿನಗೆ ಮೆತ್ತಗೆ ಬೇಕಲ್ಲವೇ, ತಗೋ ಎಂದು ಮುಂದಿನ ವಾರ ಬರೀ ಹಳದಿಯಲ್ಲಿ ಪ್ರಿಂಟು ಹಾಕಿದೆ. ಬೂದಿಯಲ್ಲಿ ಹೊರಳಿಸಿದ ಹಾಗೆ ಬಂತು. ಹೊಟ್ಟೆ ಬಂದಿತ್ತು, ಬೆನ್ನಿನ ಪಟ್ಟೆ ಮಾಯವಾಗಿತ್ತು. ಇದು ನಿನ್ನೆಯ ಮೀನು ಎಂದು ಗುಲಾಬಕ್ಕ ಪಕ್ಕಕ್ಕಿಟ್ಟಳು. ಫೋಟೋ ನಿನ್ನದೋ ಮೀನಿನದೋ ಎಂದು ನಾನು ರೇಗಿದರೆ, ಅವಳು ದನಿ ಏರಿಸದೆ ಹೇಳಿದಳು: "ಮೀನ್ ಸಮ ಬಂದ್ರೆ ನಾನೂ ಸಮ ಬಂದೆ ಅಂದೇ ಲೆಕ್ಕ."

ಆ ಮಾತು ನನ್ನ ಹಟವನ್ನು ಮುರಿಯಿತು. ಅದರ ಮುಂದಿನ ಭಾನುವಾರ ಒಂದೇ ಕಾಗದಕ್ಕೆ ಮೊದಲು ಹಳದಿಯಲ್ಲಿ ಸ್ವಲ್ಪ, ಆಮೇಲೆ ಗುಲಾಬಿಯಲ್ಲಿ ಸ್ವಲ್ಪ ಬೆಳಕು ಬಿಟ್ಟೆ. ಒಣಗಿದ ಮೇಲೆ ಕಪ್ಪಾಗುತ್ತದೆಂದು ಚೂರು ತೆಳುವಾಗಿಯೇ ತೆಗೆದೆ. ಒಣಗಿದ ಪ್ರಿಂಟನ್ನು ಅವಳು ಅಭ್ಯಾಸಬಲದಿಂದ ಮೂಗಿನ ಹತ್ತಿರ ಹಿಡಿದಳು. ಪಟ್ಟೆಯೂ ಇತ್ತು, ಹೊಟ್ಟೆಯೂ ಇತ್ತು, ಬುಟ್ಟಿಯ ಮೇಲಿನ ಮುಖದಲ್ಲಿ ಚೌಕಾಸಿಗೆ ಸಿದ್ಧವಾದ ನಗುವೂ ಇತ್ತು. ಹಾಂ, ಇದು ಇವತ್ತಿಂದು ಎಂದಳು. ನನ್ನ ಜೀವಮಾನದಲ್ಲಿ ಸಿಕ್ಕ ದೊಡ್ಡ ಪ್ರಶಸ್ತಿ ಅದು.

ಆದರೆ ನಾನು ಇನ್ನೊಂದು ಪ್ರಶಸ್ತಿಯನ್ನೂ ತೆಗೆದುಕೊಂಡೆ. ಉಡುಪಿಯ ಸ್ಪರ್ಧೆಯೊಂದಕ್ಕೆ ಅವಳಿಗೆ ಹೇಳದೆ ಮೊದಲಿನ ಮಸಿಯ ಪ್ರಿಂಟನ್ನೇ ಕಳಿಸಿದೆ. ತೀರ್ಪುಗಾರರೊಬ್ಬರು ಅದರಲ್ಲಿ ಬಡತನದ ಕರಾಳ ಮುಖ ಕಂಡರು. ಗುಲಾಬಕ್ಕನ ಇಬ್ಬರು ಮಕ್ಕಳಿಗೂ ಸ್ವಂತ ದೋಣಿಯಿತ್ತು, ಅವಳ ಮನೆ ನನ್ನ ಮನೆಗಿಂತ ದೊಡ್ಡದು. ಕರಾಳವಾಗಿದ್ದದ್ದು ಲೈಟಿನವನ ಹಾಳೆ. ನಾನು ತುಟಿ ಬಿಚ್ಚದೆ ಸರ್ಟಿಫಿಕೇಟು ತೆಗೆದುಕೊಂಡು ಬಂದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹದಿನೈದು ವರ್ಷ ಕಳೆಯಿತು. ಕಾಗದ ಸಿಗದಾಯಿತು, ಬಚ್ಚಲುಮನೆಗೆ ಟೈಲ್ಸು ಬಂತು, ಹಂಡೆ ಹೋಗಿ ಗೀಸರ್ ಬಂತು. ಒಂದು ದಿನ ಗುಲಾಬಕ್ಕ ಮನೆಗೆ ಕರೆಸಿದಳು. ಮಕ್ಕಳು ಪ್ರೀತಿಯಿಂದ ನನ್ನ ಪ್ರಿಂಟನ್ನು ಕಂಪ್ಯೂಟರಿನಲ್ಲಿ 'ಚಂದ' ಮಾಡಿಸಿ ಗೋಡೆಗೆ ಹಾಕಿದ್ದರು. ಹಾಲುಬಿಳಿ ಮೈಬಣ್ಣ, ಹಿಂದೆ ಹಿಮದ ಬೆಟ್ಟ, ಕೊರಳಿಗೆ ಇಲ್ಲದ ಸರ. ಬುಟ್ಟಿ ಇಲ್ಲ, ಬಂಗಡೆಯೂ ಇಲ್ಲ.

ಐಸಿನಲ್ಲಿಟ್ಟ ಮೀನು ಎಂದಳು, ಸಣ್ಣ ದನಿಯಲ್ಲಿ. ಆಮೇಲೆ ಪೇಪರಿನಲ್ಲಿ ಸುತ್ತಿದ್ದ ಹಳೆಯ ಪ್ರಿಂಟನ್ನು ನನ್ನ ಕೈಗಿಟ್ಟಳು. "ಮಕ್ಳ್ ಮನ್ಸ್ ನೋಯ್ಸುದ್ ಬ್ಯಾಡ. ನಾ ಇಪ್ಪು ತನ್ಕ ಅದೇ ಇರ್ಲಿ. ನಾ ಹ್ವಾದ್ ದಿನ ನೀವ್ ಇದನ್ ತಂದ್ ಹಾಕಿ."

ಅವಳಿರುವ ತನಕ ಅದು, ಅವಳು ಹೋದ ಮೇಲೆ ಇದು ಎಂದು ಒಪ್ಪಿಕೊಂಡೆ. ಒಪ್ಪಿಕೊಳ್ಳುವಾಗಲೇ ಲೆಕ್ಕಾಚಾರದಲ್ಲೊಂದು ತೊಡಕು ಹೊಳೆಯಿತು. ಎಪ್ಪತ್ತು ದಾಟಿದ ಅವಳು ಮಕ್ಕಳು ಬೇಡವೆಂದರೂ ಬುಟ್ಟಿ ಹೊತ್ತು ಬೀಜಾಡಿಯಿಂದ ನಡೆದೇ ಬರುತ್ತಾಳೆ. ನಾನು ಅವಳ ಮನೆಯ ಮೂರು ಮೆಟ್ಟಿಲು ಹತ್ತಿ ಇನ್ನೂ ಏದುಸಿರು ಬಿಡುತ್ತಿದ್ದೆ. ಅವಳಿಗೂ ಅದೇ ಹೊಳೆದಿರಬೇಕು. ಮೀನಿನ ಕಿವಿರು ಎತ್ತಿ ನೋಡುವ ಆ ಕಣ್ಣಿನಲ್ಲಿ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ನಿಮ್ಮದೂ ಒಂದು ತೆಗೆಸಿಡಿ ಎಂದಳು. ಕೇಳಬಾರದಿತ್ತು, ಕೇಳಿಯೇಬಿಟ್ಟೆ: ಹೇಗೆ ಕಾಣುತ್ತೇನೆ ಗುಲಾಬಕ್ಕ, ಇವತ್ತಿನವನೋ ನಿನ್ನೆಯವನೋ?

ಅವಳು ಬುಟ್ಟಿಯನ್ನು ತಲೆಗೇರಿಸಿಕೊಳ್ಳುತ್ತ ಹೇಳಿದಳು: "ನೀರ್ ಚಿಮುಕ್ಸ್ರೆ ನಡಿತ್ತ್."