ಸತ್ತವರ ನಡಿಗೆಯ ವೇಗ

ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಆ ಅಧ್ಯಾಪಕಿಗೆ ಯಾಕಮ್ಮ ಎಂದೇ ಹೆಸರು. ಯಾರ ಪ್ರಬಂಧ ಕೈಗೆ ಬಂದರೂ ‘ವಿಧಾನ’ ಅಧ್ಯಾಯದ ಅಂಚಿನಲ್ಲಿ ‘ಯಾಕೆ?’ ಎಂದು ಗೀಚದೆ ಬಿಡುತ್ತಿರಲಿಲ್ಲ. ಮಾಡಿದ್ದನ್ನು ಮಾಡಿದ ಹಾಗೆ ಬರೆಯಲು ಜನ ಇಷ್ಟೊಂದು ಒದ್ದಾಡುವುದೇಕೆಂದು ತಲೆ ನರೆತರೂ ಅವಳಿಗೆ ಬಗೆಹರಿದಿರಲಿಲ್ಲ.

ಒಂದು ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬರು ಬಾಗಿಲಲ್ಲಿ ನಿಂತರು. ಅವರ ಗಂಡ ದರ್ಜಿ. ಪಾರ್ಶ್ವವಾಯು ಹೊಡೆದ ಮೇಲೆ ಇಲ್ಲಿನ ಸಂಶೋಧಕಿಯೊಬ್ಬಳ ಅಧ್ಯಯನಕ್ಕೆ ಸೇರಿದ್ದರು. ತಿಂಗಳಿಗೊಮ್ಮೆ ಅವಳು ಮನೆಗೆ ಹೋಗಿ, ಅವರನ್ನು ಪಡಸಾಲೆಯಲ್ಲಿ ನಡೆಸಿ, ವೇಗ ಅಳೆಯುತ್ತಿದ್ದಳು. ಅಧ್ಯಯನ ಅರ್ಧಕ್ಕೆ ಬರುವಾಗ ದರ್ಜಿ ತೀರಿಕೊಂಡರು.

“ನೀವು ಅವರನ್ನ ಇನ್ನೂ ನಡೆಸ್ತಾ ಇದೀರೇನಮ್ಮ?” ಎಂದರು ಹೆಂಗಸು.

“ಅಂದ್ರೆ?”

“ದಿನಾ ಊಟ ಆದ್ಮೇಲೆ ಪಡಸಾಲೇಲಿ ಕೋಲು ಊರೋ ಸದ್ದು. ಬಾಗಿಲಿಂದ ಕಿಟಕಿವರೆಗೆ, ಮತ್ತೆ ವಾಪಸ್ಸು. ಬರ್ತಾ ಬರ್ತಾ ಚುರುಕಾಗ್ತಿದೆ. ಬದುಕಿದ್ದಾಗ ಆಮೆ ಥರ ಇದ್ರು.”

ಯಾಕಮ್ಮ ಸಮಾಧಾನ ಹೇಳಿ ಕಳಿಸಿದಳು. ದುಃಖಕ್ಕೆ ಕಿವಿ ಜಾಸ್ತಿ ಅಂದುಕೊಂಡಳು. ಆದರೂ ಮನಸ್ಸು ತಡೆಯದೆ ಸಂಶೋಧಕಿಯ ಪ್ರಬಂಧದ ಕರಡು ತೆಗೆದಳು. ನಕ್ಷೆಯಲ್ಲಿ ದರ್ಜಿಯ ವೇಗ ತೋರಿಸುವ ಗೆರೆ ಸಾವಿನ ತಿಂಗಳಲ್ಲಿ ನಿಂತಿರಲಿಲ್ಲ. ಮೆಟ್ಟಿಲು ಹತ್ತುವ ಹಾಗೆ ಮೇಲೇರುತ್ತಲೇ ಇತ್ತು. ವಿಧಾನದಲ್ಲಿದ್ದುದು ಒಂದೇ ಸಾಲು: ‘ಲಭ್ಯವಿಲ್ಲದ ಅಳತೆಗಳನ್ನು ಸೂಕ್ತವಾಗಿ ನಿರ್ವಹಿಸಲಾಗಿದೆ.’

ಸಂಶೋಧಕಿಯನ್ನು ಕರೆಸಿದಳು. “ಸೂಕ್ತವಾಗಿ ಅಂದ್ರೆ ಹೇಗೆ?”

ಹುಡುಗಿ ಕರಡಿನ ಗೆರೆಯ ಮೇಲೆ ಬೆರಳಿಟ್ಟಳು. “ಬೇರೆಯವರು ಚೇತರಿಸಿಕೊಂಡ ರೀತಿ ನೋಡಿ ಕಂಪ್ಯೂಟರೇ ಅಂದಾಜು ತುಂಬುತ್ತೆ ಮೇಡಂ. ಎಲ್ಲರೂ ಹಾಗೇ ಮಾಡ್ತಾರೆ.”

“ಊರು ಬಿಟ್ಟು ಹೋದೋರಿಗೆ ತುಂಬು, ತುಂಬಿದೀನಿ ಅಂತ ಬಾಯಿಬಿಟ್ಟು ಬರಿ. ಸತ್ತೋರಿಗೆ ಎಲ್ಲಿಯ ವೇಗ?”

ಇಬ್ಬರೂ ಕೂತು ಬಿಡಿಸಿ ಬರೆದರು: ಯಾರು ಊರು ಬಿಟ್ಟರು, ಯಾರು ತೀರಿಕೊಂಡರು, ಯಾವ ಅಂಕಿ ಅಳೆದದ್ದು, ಯಾವುದು ಊಹೆ. ಕೊನೆಗೆ, ‘ಮರಣದ ನಂತರ ನಡಿಗೆಯಿಲ್ಲ, ಅದನ್ನು ಅಂದಾಜಿಸಿಲ್ಲ.’ ದರ್ಜಿಯ ಗೆರೆ ಅರ್ಧಕ್ಕೆ ನಿಂತಿತು.

ಮರುದಿನ ಊಟದ ಹೊತ್ತು ಕಳೆದ ಮೇಲೆ ಆ ಹೆಂಗಸಿನ ಫೋನ್ ಬಂತು. “ಸದ್ದು ನಿಂತೋಯ್ತು ಕಣಮ್ಮ.”

“ಒಳ್ಳೇದಾಯ್ತಲ್ಲ?”

ಆ ಕಡೆ ಬಿಕ್ಕಿ ಅಳುವುದು ಕೇಳಿತು. “ನಡೆಸ್ತಾ ಇದೀರಾ ಅಂತ ಕೇಳಿದೆ ಅಷ್ಟೇ. ನಿಲ್ಲಿಸಿ ಅಂತ ಹೇಳಿದ್ನಾ?”

ಬರೆದ ಸಾಲು ಸರಿಯಾಗಿತ್ತು; ಅದನ್ನು ಹೊಡೆದುಹಾಕುವಂತಿರಲಿಲ್ಲ. ಯಾಕಮ್ಮ ಆ ಮನೆಗೇ ಹೋಗಿ ಪಡಸಾಲೆಯಲ್ಲಿ ಹೆಂಗಸಿನ ಪಕ್ಕ ಕೂತಳು. ಬಹಳ ಹೊತ್ತು ಇಬ್ಬರೂ ಕಿವಿಗೊಟ್ಟರು. ಏನೂ ಕೇಳಲಿಲ್ಲ.

“ಒಂದ್ಸಲ ನೀವು ನಡೆದು ತೋರಿಸ್ತೀರಾ?” ಎಂದರು ಹೆಂಗಸು, ಕಣ್ಣು ಮುಚ್ಚಿಕೊಂಡು.

ಯಾಕಮ್ಮ ಎದ್ದು ಬಾಗಿಲಿನಿಂದ ಹೆಜ್ಜೆ ಹಾಕಿದಳು.

“ಇನ್ನೂ ಸ್ವಲ್ಪ ನಿಧಾನ.”