ಏಳರ ಮಗ್ಗಿ ಒರಸಿದವರಿಗೆ

ಗೆಳೆಯರೇ, ಇಂದು ಬೆಳಿಗ್ಗೆ ಧಾರವಾಡದ ನಮ್ಮ ಓಣಿಯ ಸರ್ಕಾರಿ ಗೋಡೆಯ ಮೇಲಿದ್ದ ಏಳರ ಮಗ್ಗಿಯನ್ನು ಗಲೀಜು ಎಂದು ಸಾಹೇಬರೊಬ್ಬರು ಒರಸಿ ಹಾಕಿಸಿದರು.

ಬರೆದವರು ಪ್ರಾಥಮಿಕ ಶಾಲೆಯ ಶಿಕ್ಷಕಿ, ನಮ್ಮ ಅಕ್ಕೋರು. ಮಕ್ಕಳಲ್ಲಿ ಸೀತಾಳೆ ಸಿಡುಬು ಹರಡಿ ತರಗತಿಗಳು ನಿಂತಿವೆ, ಪಾಠ ಮೊಬೈಲಿಗೆ ಬರುತ್ತದೆ. ಆದರೆ ಸಿಡುಬೆದ್ದು ಹೊರಗೆ ಬರಲಾಗದ ಮೂರನೇ ತರಗತಿಯ ಭಾಗ್ಯಾಳ ಮನೆಯಲ್ಲಿರುವ ಒಂದೇ ಮೊಬೈಲು ಅಪ್ಪನ ಜೊತೆ ಫ್ಯಾಕ್ಟರಿಗೆ ಹೋಗುತ್ತದೆ. ಅದಕ್ಕೇ ಅಕ್ಕೋರು ದಿನಾ ಸಂಜೆ ಬಂದು, ಅವಳ ಕಿಟಕಿಗೆ ಕಾಣುವಂತೆ ಎದುರಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಪಾಠ ಬರೆಯುತ್ತಾರೆ. ನಾನು ಚಿಕ್ಕವನಿದ್ದಾಗ ಸಿಡುಬೆದ್ದ ಮನೆಯ ಓಣಿಗೆ ಶಾಲೆಯವರು ಕಾಲಿಟ್ಟದ್ದು ನನಗೆ ನೆನಪಿಲ್ಲ.

ಬೆಳಿಗ್ಗೆ ಒರಸಲು ಬಂದ ಕೆಲಸಗಾರ ಒದ್ದೆ ಬಟ್ಟೆ ಎತ್ತಿದ್ದೇ ತಡ, ಕಿಟಕಿಯಿಂದ ಭಾಗ್ಯಾ ಕೂಗಿದಳು: "ಕಾಕಾ, ಒರಸಬ್ಯಾಡ್ರೀ! ನಂದಿನ್ನೂ ಬರಕೊಳ್ಳೂದು ಆಗಿಲ್ರಿ!"

"ಲಗೂ ಬರಕೋ ಯವ್ವಾ, ಸಾಹೇಬ್ರು ಬೈತಾರ," ಎಂದು ಆತ ಅವಳು ಮುಗಿಸುವವರೆಗೂ ಬಕೆಟ್ ಹಿಡಿದು ನಿಂತ.

ಸಂಜೆ ಅಕ್ಕೋರು ಬಂದು ಖಾಲಿ ಗೋಡೆ ನೋಡಿದರು. "ಛಲೋ ಆತ್ರಿ, ಎಂಟರ ಮಗ್ಗಿಗೆ ಜಾಗಾ ಆತು!" ಎಂದು ನಕ್ಕು ಬರೆಯತೊಡಗಿದರು. ನಾನು ಕೈ ಮುಗಿದೆ.

ಅದೇ ಗೋಡೆಯ ಮೇಲೆ ನಾಯಕರೊಬ್ಬರ ಹುಟ್ಟುಹಬ್ಬದ ಪೋಸ್ಟರು ಹೋದ ವರ್ಷದಿಂದ ಹಾಗೇ ಇದೆ. ಮಗ್ಗಿ ಗಲೀಜಾದರೆ ಅದು ಏನು? ಒರಸಲು ಹೇಳಿದ ಸಾಹೇಬರು ಇಲ್ಲೇ, ಎಲ್ಲರೆದುರು ಉತ್ತರಿಸಲಿ.