ಹಗ್ಗ ಹಿಡಿದವನು

ಪತ್ರಿಕೆಯ ಮೂಲೆಯಲ್ಲಿ ಬಂದಿದ್ದ ಆ ಜಾಹೀರಾತನ್ನು ಕತ್ತರಿಸಿ ಇಟ್ಟುಕೊಂಡವನು ನನ್ನ ಚಿಕ್ಕಪ್ಪನ ಮಗ. ಮಂಗಳೂರಿನಲ್ಲಿ ಒಂದು ದಿನ, ಗೈಡ್ ಜೊತೆ. ಬೆಳಗ್ಗೆ ಕಡಲ ಪಕ್ಕದ ರಸ್ತೆಗಳಲ್ಲಿ ಸೈಕಲ್ ಸವಾರಿ, ಮಧ್ಯಾಹ್ನ ಸೂರಿನಡಿ ಕಟ್ಟಿದ ಗೋಡೆ ಹತ್ತುವುದು. ಅವನು ಹೊಸದುರ್ಗದಲ್ಲಿ ಗುಮಾಸ್ತ, ನಾನು ಹೊಳಲ್ಕೆರೆಯಲ್ಲಿ ಮೇಷ್ಟ್ರು. ಇಬ್ಬರಿಗೂ ಮೂವತ್ತು ದಾಟಿತ್ತು. ಅವನ ಎಡ ಮೊಣಕಾಲು ಮಡಚುತ್ತಿರಲಿಲ್ಲ. ಅಂಥವನು ಫೋನ್ ಮಾಡಿ, "ಹೋಗಾಣ ಬಾರಲೇ. ಗೋಡೆ ನೀನು ಹತ್ತು, ನಾನು ಕೆಳಗೆ ಹಗ್ಗ ಹಿಡ್ಕಂತೀನಿ" ಅಂದಾಗ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಆ ಮೊಣಕಾಲು ಹೋದದ್ದು ನನ್ನ ಕಣ್ಣೆದುರಿಗೇ. ತೊಂಬತ್ತರ ದಶಕದ ಮೊದಲಲ್ಲಿ ನಾವಿಬ್ಬರೂ ಚಿತ್ರದುರ್ಗದಲ್ಲಿ ಪಿಯುಸಿ ಓದುತ್ತಿದ್ದೆವು. ಓದಿದ್ದಕ್ಕಿಂತ ಕೋಟೆಯ ಹಿಂದಿನ ಬಂಡೆಗಳನ್ನು ಹತ್ತಿದ್ದೇ ಹೆಚ್ಚು. ಬರಿಗಾಲಲ್ಲೇ ಹತ್ತುತ್ತಿದ್ದೆವು, ಅದಕ್ಕೂ ಮೊದಲು ಅಂಗಾಲನ್ನು ಪ್ಯಾಂಟಿಗೆ ಉಜ್ಜಿ ಒರೆಸಿಕೊಳ್ಳಬೇಕು. ಇಳಿಯುವಾಗಲೂ ಮುಖ ಕಲ್ಲಿನ ಕಡೆಗೇ ಇರಬೇಕು. ಇದೆಲ್ಲಕ್ಕಿಂತ ಕಟ್ಟುನಿಟ್ಟಾದ ನಿಯಮವೆಂದರೆ, ಮೇಲಿದ್ದವನು ಕೆಳಗಿನವನಿಗೆ ಕೈ ಚಾಚಬಾರದು. ಚಾಚಿದರೆ ಇಬ್ಬರೂ ಬೀಳುತ್ತಾರೆ. ನಮಗೆ ಹತ್ತುವುದನ್ನು ಕಲಿಸಿದ ದೊಡ್ಡ ಹುಡುಗರು ತಲೆಗೆ ಮೊಟಕಿ ಮೊಟಕಿ ಇದನ್ನು ಹೇಳಿಕೊಟ್ಟಿದ್ದರು.

ಅವತ್ತು ನಾನು ಮೇಲೆ ತಲುಪಿ ಕುಳಿತಿದ್ದೆ. ಅವನು ಎರಡು ಮೊಳ ಕೆಳಗಿದ್ದ. ಕಾಲು ನಡುಗುತ್ತಿತ್ತು. "ಕೈ ಚಾಚಲೇ" ಅಂದ. ನಾನು ಚಾಚಲಿಲ್ಲ. ಎರಡನೇ ಸಲ ಅವನು ಕೇಳಲಿಲ್ಲ, ಜಾರಿದ.

ನಿಯಮ ಸರಿ, ನಾನು ನಡೆದುಕೊಂಡದ್ದೂ ಸರಿ ಎಂದು ಎಷ್ಟೋ ವರ್ಷ ನನಗೆ ನಾನೇ ಪಾಠ ಹೇಳಿಕೊಂಡೆ. ಮೇಷ್ಟ್ರ ಕಸುಬೇ ಅದು ತಾನೆ! ಆದರೆ ನಾನು ಕುಳಿತ ಜಾಗ ಚಾಪೆ ಹಾಸುವಷ್ಟು ಅಗಲವಿತ್ತು. ಭದ್ರವಾಗಿ ಹಿಡಿದುಕೊಳ್ಳಲು ಪಕ್ಕದಲ್ಲೇ ಒಂದು ಬಿರುಕೂ ಇತ್ತು. ನಾನು ಹೆದರಿದ್ದೆ, ನಿಯಮ ಬರೀ ನೆಪ. ನಾನು ಕೈ ಚಾಚಲಿಲ್ಲವೆಂದು ಅವನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಯಾಕೆಂದು ನನ್ನನ್ನೂ ಕೇಳಲಿಲ್ಲ. ಈ ಪ್ರವಾಸದಲ್ಲಾದರೂ ತಪ್ಪಾಯಿತು ಎಂದು ಹೇಳಿಬಿಡಬೇಕು ಎಂದುಕೊಂಡೇ ನಾನು ಮಂಗಳೂರಿನ ಬಸ್ ಹತ್ತಿದ್ದು.

ಅಲ್ಲಿ ಮೋಡ ಕವಿದಿತ್ತು. ಮಳೆಯಿಲ್ಲ, ಬರೀ ಬೆವರು. ಗೈಡ್ ಇಪ್ಪತ್ತೈದರ ಆಸುಪಾಸಿನ ಹುಡುಗಿ. ಅವನ ಕಾಲು ನೋಡಿ, "ನಿಧಾನ ಬನ್ನಿ ಮಾರಾಯ್ರೆ, ಸಮುದ್ರ ಓಡಿ ಹೋಗುವುದಿಲ್ಲ" ಅಂದಳು. ಅವನು ಬಲಗಾಲಲ್ಲಿ ಪೆಡಲ್ ತುಳಿದು, ಅದೇ ಕಾಲಿನ ಬೆರಳಿಂದ ಅದನ್ನು ಮೇಲೆತ್ತಿ, ಮತ್ತೆ ತುಳಿಯುತ್ತಿದ್ದ. ಎಡಗಾಲು ಸುಮ್ಮನೆ ಜೋತಾಡುತ್ತಿತ್ತು. "ನಮ್ಮೂರಾಗೆ ಇಂಥ ಮಟ್ಟಸ ರಸ್ತೆ ಎಲ್ಲೈತಲೇ?" ಎಂದು ತಿರುಗಿ ನಗುತ್ತಿದ್ದ. ಮೀನಿನ ಬುಟ್ಟಿ, ದೋಣಿ, ಬೂದು ಬಣ್ಣದ ನೀರು ಎಲ್ಲವನ್ನೂ ಅವನು ನೋಡಿದ. ನಾನು ಹಿಂದಿನಿಂದ ಆ ಕಾಲನ್ನೇ ನೋಡುತ್ತಾ ಹೋದೆ. ಎರಡು ಸಲ ಹೇಳಲು ಬಾಯಿ ತೆರೆದೆ. ಒಂದು ಸಲ ಲಾರಿಯ ಹಾರನ್ ಅಡ್ಡ ಬಂತು. ಇನ್ನೊಂದು ಸಲ ಏನೂ ಅಡ್ಡ ಬರಲಿಲ್ಲ, ಆದರೂ ಹೇಳಲಿಲ್ಲ.

ಮಧ್ಯಾಹ್ನ ಹತ್ತಬೇಕಿದ್ದ ಗೋಡೆ ಹಳೆಯ ಗೋದಾಮೊಂದರೊಳಗಿತ್ತು. ಪ್ಲೈವುಡ್ ಹಲಗೆಗಳ ಮೇಲೆ ಬಣ್ಣಬಣ್ಣದ ಪ್ಲಾಸ್ಟಿಕ್ ಹಿಡಿಗಳನ್ನು ಕೂರಿಸಿದ್ದರು. ನನ್ನ ಸೊಂಟದ ಪಟ್ಟಿಗೆ ಕಟ್ಟಿದ ಹಗ್ಗ ಮೇಲಿನ ಕೊಂಡಿಯೊಳಗೆ ಹಾದು ಕೆಳಗೆ ಅವನ ಕೈಗೆ ಬಂದಿತ್ತು. ಅವನ ಹಿಂದೆ ಆ ಹುಡುಗಿ ನಿಂತಳು. "ತುದಿ ಮುಟ್ಟಿದ ಮೇಲೆ ಎರಡೂ ಕೈ ಬಿಟ್ಟು ಹಗ್ಗದಲ್ಲಿ ಕೂತುಬಿಡಿ. ಇವರು ನಿಮ್ಮನ್ನು ಇಳಿಸುತ್ತಾರೆ" ಎಂದು ನನಗೆ ಹೇಳಿಕೊಟ್ಟಳು.

ಹತ್ತುವುದೇನು ಮಹಾ, ಕೋಟೆಯ ಕಲ್ಲಿನ ಮುಂದೆ ಅದು ಮಕ್ಕಳಾಟ. ತುದಿ ಮುಟ್ಟಿ ಕೆಳಗೆ ನೋಡಿದೆ. ಮಡಚದ ಕಾಲನ್ನು ಮುಂದಕ್ಕೆ ಊರಿಕೊಂಡು, ಕತ್ತು ಮೇಲೆತ್ತಿ ಅವನು ನನ್ನನ್ನೇ ನೋಡುತ್ತಿದ್ದ.

"ಕೈ ಬಿಡಿ" ಎಂದು ಹುಡುಗಿ ಕೂಗಿದಳು.

"ಬಿಡಲೇ, ನಾನಿದೀನಿ" ಅಂದ ಅವನು.

ನಾನು ಬಿಡಲಿಲ್ಲ. ಮುಖವನ್ನು ಗೋಡೆಗೆ ಮಾಡಿಕೊಂಡು, ಒಂದೊಂದೇ ಹಿಡಿ ಹುಡುಕುತ್ತಾ, ಬಂಡೆ ಇಳಿಯುವ ಹಾಗೆಯೇ ಇಳಿದು ಬಂದೆ. "ನಮ್ಗೆ ಹಿಂಗೇ ಇಳಿದು ರೂಢಿ ಕಣಮ್ಮ" ಎಂದು ಆ ಹುಡುಗಿಗೆ ಹೇಳಿದೆ. ಅದೂ ನೆಪವೇ. ನಾನು ಮಾಡಿದ್ದನ್ನೇ ಅವನೂ ಮಾಡಿಬಿಟ್ಟರೆ ಎಂದು ಮೇಲೆ ನನಗನ್ನಿಸಿತ್ತು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅವನು ಹಗ್ಗ ಬಿಚ್ಚಿ ಕೊಟ್ಟು ಬೆಂಚಿನ ಮೇಲೆ ಕುಳಿತ. ಬಲ ಅಂಗೈಯಲ್ಲಿ ಹಗ್ಗದ ಹುರಿಯ ಗುರುತು ಕೆಂಪಗೆ ಎದ್ದಿತ್ತು.

"ಇಷ್ಟು ಬಿಗಿ ಯಾಕೆ ಹಿಡಿದಿರಿ ಮಾರಾಯ್ರೆ? ನಾನು ಹಿಂದೆಯೇ ಇದ್ದೆನಲ್ಲ" ಅಂದಳು ಹುಡುಗಿ.

ಅವನು ಅಂಗೈಯನ್ನು ಉಜ್ಜಿಕೊಳ್ಳುತ್ತಾ, ನನ್ನ ಕಡೆ ನೋಡದೆ, "ಬೀಳಾಕೆ ಬಿಡ್ತಿದ್ನೇನಲೇ?" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ.

ತಪ್ಪಾಯಿತು ಅನ್ನಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಆದರೆ ಈಗ ಒಂದಲ್ಲ, ಎರಡು ತಪ್ಪು. ಬಾಗಿಲ ಬಳಿಯಿದ್ದ ಅವನ ಚಪ್ಪಲಿ ತಂದು, ಆ ಎಡಗಾಲಿಗೆ ಹಾಕಲು ಬಗ್ಗಿದೆ.

"ಬಿಡು, ನಾನೇ ಹಾಕ್ಕಂತೀನಿ" ಅಂದ ಅವನು.